ನಿನ್ನೆಯ ಮೀನು, ವಿಯೆಟ್ನಾಮಿನ ಯಂತ್ರ

ಕಳೆದ ವಾರ ಅಮ್ಮನಿಗೊಂದು ಸೀರೆ ತರಲು ಭಟ್ಕಳ ಪೇಟೆಯ ಮುನೀರ್ ಸಾಹೇಬರ ಬಟ್ಟೆ ಅಂಗಡಿಗೆ ಹೋಗಿದ್ದೆ. ಹೊರಗೆ ಮಳೆ ಹೊಯ್ಯುತ್ತಿತ್ತು. ಬಾಗಿಲ ಬಳಿ ಒದ್ದೆ ಕೊಡೆಗಳನ್ನು ನಿಲ್ಲಿಸಿದ ಬಕೆಟ್ಟು, ಒಳಗೆ ಆಗಷ್ಟೇ ಬಿಚ್ಚಿದ ಹೊಸ ಬಟ್ಟೆಯ ಥಾನು, ಯಾವನೋ ಗಿರಾಕಿ ಪೂಸಿಕೊಂಡು ಬಂದಿದ್ದ ಅತ್ತರು. ಈ ಮೂರೂ ಕೂಡಿದ ವಾಸನೆ ಮೂಗಿಗೆ ಬಡಿದದ್ದೇ ತಡ, ಸೀರೆ ಮರೆತು ಮೂಲೆಯ ಮರದ ಮೆಟ್ಟಿಲು ಹತ್ತಿಬಿಟ್ಟೆ. ಆ ಮೆಟ್ಟಿಲ ಮೇಲಿನ ಕೋಣೆಯಲ್ಲಿ ಕೆಲವು ವರ್ಷಗಳ ಹಿಂದೆ ಒಂದು ಇಡೀ ಮಳೆಗಾಲ ನಾನು ಜಗಳವಾಡಿದ್ದೇನೆ. ಇವತ್ತಿನವರೆಗೂ ನಾನು ಕಾಲಿಡದ ವಿಯೆಟ್ನಾಂ ದೇಶದ ಒಂದು ತಂತ್ರಜ್ಞಾನ ಕಂಪನಿಯಲ್ಲಿ ದುಡ್ಡು ಹಾಕಬೇಕೋ ಬೇಡವೋ ಎಂಬುದು ಆ ಜಗಳ.

ನಮ್ಮ ಮನೆ ಭಟ್ಕಳದ ಬಂದರಿನ ಹತ್ತಿರ. ಅಪ್ಪ ದೋಣಿಯಲ್ಲಿ ದುಡಿಯುತ್ತಿದ್ದವನು ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡ. ಅಮ್ಮ ನಾಗಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಮನೆ ಮನೆಗೆ ಮೀನು ಮಾರಿ ನನ್ನನ್ನು ಓದಿಸಿದಳು. ಇದನ್ನು ಓದಿ ಯಾರೂ ಕಣ್ಣೊರೆಸಿಕೊಳ್ಳುವುದು ಬೇಡ. ಅಮ್ಮ ಬಡಪಾಯಿಯೇನಲ್ಲ, ಅವಳ ಬಾಯಿಗೆ ಇಡೀ ಮೀನುಪೇಟೆ ಹೆದರುತ್ತಿತ್ತು. ನಾನು ಬಿಕಾಂ ಮುಗಿಸಿ, ಮುಂಬೈಗೆ ಹೋಗಿ ಮುಂದೆ ಓದಿ, ಅಲ್ಲೇ ಒಂದು ಹೂಡಿಕೆ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದೆ. ಪರದೇಶದ ಸಣ್ಣ ಸಣ್ಣ ಕಂಪನಿಗಳ ಜಾತಕ ನೋಡುವುದು ನನ್ನ ಕೆಲಸ. ಹುಡುಗ ಹುಡುಗಿಯ ಜಾತಕ ನೋಡುವ ಭಟ್ಟರಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ, ಭಟ್ಟರ ಮಾತು ಸುಳ್ಳಾದರೆ ಯಾರೂ ಅವರನ್ನು ಕೆಲಸದಿಂದ ತೆಗೆಯುವುದಿಲ್ಲ.

ಕೊರೋನಾ ಬಂದಾಗ ಎಲ್ಲರಂತೆ ನಾನೂ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದೆ. ಆಮೇಲೆ ಆಫೀಸಿನವರು ವಾಪಸು ಬನ್ನಿ ಎಂದರು. ಇಲ್ಲಿ ಕೂತೇ ಅಷ್ಟು ದಿನ ಅದೇ ಕೆಲಸವನ್ನು ಅಷ್ಟೇ ಚೆನ್ನಾಗಿ ಮಾಡಿದ್ದೆ, ಮತ್ತೆ ಯಾಕೆ ಲೋಕಲ್ ಟ್ರೇನಿನಲ್ಲಿ ಜೋತಾಡಬೇಕು ಎಂದು ಕೇಳಿದೆ. ನಿಯಮ ಎಂದರು. ನಾನು ಬರುವುದಿಲ್ಲ ಎಂದೆ. ಬಂದರಿನಲ್ಲಿ ಅದು ಒಂದೇ ವಾರದಲ್ಲಿ ‘ನಾಗಮ್ಮನ ಮಗಳ ಕೆಲ್ಸ ಹೋತಂತೆ’ ಎಂದಾಯಿತು. ಬಿಟ್ಟದ್ದು ನಾನು ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ, ಅಮ್ಮ ಮೊದಲು ನಂಬಲಿಲ್ಲ. ಈ ಕೆಲಸವನ್ನು ಇದೇ ಊರಿನಿಂದ, ನನ್ನದೇ ಹೆಸರಿನಲ್ಲಿ ಮಾಡಿ ತೋರಿಸುತ್ತೇನೆ ಎಂದು ನಾನು ಹಟ ಹಿಡಿದೆ. ಆ ಮಳೆಗಾಲ ಮುಗಿಯುವುದರೊಳಗೆ ಒಬ್ಬರಾದರೂ ನನ್ನ ಮಾತು ನಂಬಿ ಒಂದು ಹೆಜ್ಜೆ ಇಡದಿದ್ದರೆ ಮುಂಬೈಗೇ ಹೋಗು ಎಂದು ಅಮ್ಮ ಗಡುವು ಕೊಟ್ಟಳು. ನಾನು ಆತು ಎಂದೆ.

ಮೊದಲ ಕರೆ ಬಂದದ್ದು ಮುನೀರ್ ಸಾಹೇಬರಿಂದ. ಅವರು ದುಬೈಯಲ್ಲಿ ತಮ್ಮಂದಿರ ಜೊತೆ ಬಹುಕಾಲ ಬಟ್ಟೆ ವ್ಯಾಪಾರ ಮಾಡಿ, ಅಲ್ಲಿಯ ದೊಡ್ಡ ಅಂಗಡಿ ಮಾರಿಬಿಟ್ಟು, ಭಟ್ಕಳಕ್ಕೆ ಬಂದು ಸಣ್ಣದೊಂದು ಅಂಗಡಿ ಇಟ್ಟುಕೊಂಡಿದ್ದರು. ಅಂಗಡಿ ಮಾರಿದ ಹಣ, ಎಲ್ಲರ ಪಾಲೂ ಸೇರಿ, ತಮ್ಮಂದಿರ ಕೈಯಲ್ಲಿ ಅಲ್ಲೇ ಇತ್ತು. ಕೊಲ್ಲಿಯ ಹಣ ನಮ್ಮೂರಿಗೆ ಬಂದರೆ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು, ಫ್ಲ್ಯಾಟು ಏಳುತ್ತದೆ. ಸಾಹೇಬರಿಗೆ ಫ್ಲ್ಯಾಟು ಎಂದರೆ ಮೈ ಉರಿಯುತ್ತಿತ್ತು. ಬೀಗ ಹಾಕಿದ ಬಾಗಿಲುಗಳನ್ನು ಒಂದರ ಮೇಲೊಂದು ಪೇರಿಸಿಟ್ಟರೆ ಅದಕ್ಕೆ ವ್ಯಾಪಾರ ಎನ್ನುತ್ತಾರೆಯೇ ಎಂದು ಅವರ ವಾದ. ಅವರಿಗೆ ಏನಾದರೂ ಹೊಸದು ಬೇಕಿತ್ತು, ಯಂತ್ರ, ಕಂಪ್ಯೂಟರು, ಬೇರೆ ದೇಶ. ವಯಸ್ಸಾದ ಮೇಲೆ ಹುಟ್ಟಿದ ಆಸೆ ಅದು, ಹದಿಹರೆಯದ ಆಸೆಗಿಂತ ಗಟ್ಟಿ.

ಎಲ್ಲಿ ಹಣ ಹಾಕಬಹುದು ಎಂದು ನೋಡಿ ವರದಿ ಕೊಡಿ ಎಂದು ಅವರು ನನ್ನನ್ನು ಕರೆದರು, ಅದಕ್ಕೆ ಕಾರಣ ನನ್ನ ಓದಲ್ಲ. ಅವರ ಮನೆ ಅಮ್ಮನ ವರ್ತನೆ ಮನೆ. ವರ್ತನೆ ಮನೆ ಎಂದರೆ ವರ್ಷಗಟ್ಟಲೆ ತಪ್ಪದೆ ಮೀನು ಕೊಡುವ ಮನೆ, ಅಲ್ಲಿ ಬೇರೆ ಮೀನುಗಾರ್ತಿ ಕಾಲಿಡುವ ಹಾಗಿಲ್ಲ. ಆ ಮನೆಗಳಲ್ಲಿ ಅಮ್ಮನದೊಂದು ನೇಮವಿತ್ತು. ಬುಟ್ಟಿಯಲ್ಲಿ ಐಸ್ ಹಾಕಿಟ್ಟ ಹಿಂದಿನ ದಿನದ ಮೀನು ಇದ್ದರೆ, ಅವರು ಕೇಳುವ ಮೊದಲೇ, ‘ಇದು ನಿನ್ನೇದು, ಹುರೂಕೆ ಆತದೆ, ಸಾರಿಗೆ ಬ್ಯಾಡ’ ಎಂದು ಹೇಳಿಯೇ ಕೊಡುತ್ತಿದ್ದಳು. ಸಂತೆಯಲ್ಲಿ ಈ ನೇಮ ಇಲ್ಲ. ಅಲ್ಲಿ ಕಿವಿರು ಎತ್ತಿ ಕೆಂಪೋ ಬಿಳುಪೋ ನೋಡುವುದು ಕೊಳ್ಳುವವರ ಕೆಲಸ, ನೋಡದೆ ಒಯ್ದು ಮನೆಯಲ್ಲಿ ಬೈಸಿಕೊಂಡರೆ ಅದಕ್ಕೆ ಅಮ್ಮ ಹೊಣೆಯಲ್ಲ. ಎರಡೂ ಕಡೆ ಅದೇ ಬುಟ್ಟಿ, ಅದೇ ಅಮ್ಮ. ಇದರಲ್ಲಿ ತಪ್ಪೇನಿದೆ ಎಂದು ನನಗೆ ಇಂದಿಗೂ ಅನಿಸಿಲ್ಲ.

ಮಹಡಿಯ ಕೋಣೆಗೆ ನಾನು ಮೊದಲ ದಿನ ಹೋದಾಗ ಅಲ್ಲಿ ಮುಂಬೈಯ ಒಬ್ಬ ಸಲಹೆಗಾರರು ಆಗಲೇ ಕೂತಿದ್ದರು. ತಮ್ಮಂದಿರು ದುಬೈಯಿಂದ ಗೊತ್ತುಮಾಡಿ ಕಳಿಸಿದ್ದ ಮನುಷ್ಯ. ಹೆಸರು ಬೇಡ, ನಾನು ಮನಸ್ಸಿನಲ್ಲೇ ಅವರಿಗೆ ಸ್ಲೈಡ್ ಸಾಹೇಬ ಎಂದು ಹೆಸರಿಟ್ಟಿದ್ದೆ. ಗೋಡೆಯ ಮೇಲೆ ಅವರು ಬಣ್ಣಬಣ್ಣದ ಸ್ಲೈಡು ಹಾಕಿ ಬೇರೆ ಬೇರೆ ದೇಶದ ಕಂಪನಿಗಳನ್ನು ತೋರಿಸಿದರು. ಯೂರೋಪಿನ ಯಾವುದೋ ಪುಟ್ಟ ದೇಶದಲ್ಲಿ ನಾಯಿಗೆ ಡಾಕ್ಟರನ್ನು ಹುಡುಕಿಕೊಡುವ ಆ್ಯಪು ಬಂತು, ಯಾರೂ ಮಾತಾಡಲಿಲ್ಲ. ಕೊನೆಗೆ ವಿಯೆಟ್ನಾಂ ಬಂತು. ಒಂದು ಬೆಲ್ಟು ಓಡುತ್ತದೆ, ಅದರ ಮೇಲೆ ಸೀಗಡಿ, ಅಂದರೆ ನಮ್ಮ ಕಡೆಯ ಶೆಟ್ಲಿ, ಸಾಲಾಗಿ ಬರುತ್ತದೆ, ಮೇಲಿನ ಕ್ಯಾಮೆರಾ ನೋಡಿ ಜಾತಿ, ಗಾತ್ರ ಗುರುತಿಸುತ್ತದೆ, ಬೆಲ್ಟಿನ ತುದಿಯಲ್ಲಿ ದೊಡ್ಡದು ಆ ಕಡೆ, ಸಣ್ಣದು ಈ ಕಡೆ ಬೀಳುತ್ತದೆ. ಪರದೆಯ ಮೇಲೆ ದುಬೈಯಿಂದ ನೋಡುತ್ತಿದ್ದ ತಮ್ಮಂದಿರೂ ಕೋಣೆಯಲ್ಲಿದ್ದ ಸಾಹೇಬರೂ ಒಟ್ಟಿಗೆ ಮಾಶಾಲ್ಲಾ ಎಂದರು.

ನಮ್ಮ ಕರಾವಳಿಯವರು ಮಾತ್ರ ಮಾಡಬಲ್ಲ ತಪ್ಪು ಅದು. ಶೆಟ್ಲಿ ತಿಂದು ಗೊತ್ತಿದ್ದರೆ ಶೆಟ್ಲಿ ಆರಿಸುವ ಕಂಪನಿಯೂ ಗೊತ್ತು ಎಂದು ತಿಳಿದುಬಿಡುವುದು. ಅದರ ಮೇಲೆ ಅದು ಮೀನುಗಾರಿಕೆ ನಿಷೇಧದ ಕಾಲ. ಟ್ರಾಲರುಗಳೆಲ್ಲ ಬಂದರಿನಲ್ಲಿ ಪ್ಲಾಸ್ಟಿಕ್ ಹೊದ್ದು ಮಲಗಿದ್ದವು, ಮನೆಗಳಲ್ಲಿ ಒಣಮೀನು ಸುಟ್ಟುಕೊಂಡು ಗಂಜಿ ಉಣ್ಣುತ್ತಿದ್ದರು. ಬಾಯಿಗೆ ತಾಜಾ ಶೆಟ್ಲಿ ಬೀಳದೆ ವಾರಗಳಾಗಿದ್ದವರಿಗೆ ಗೋಡೆಯ ಮೇಲೆ ಸಾಲುಸಾಲು ಶೆಟ್ಲಿ ತೋರಿಸಿದರೆ ವಿವೇಚನೆ ಎಲ್ಲಿ ಉಳಿಯುತ್ತದೆ. ಹಸಿದವರನ್ನು ಕೂರಿಸಿಕೊಂಡು ಅಡುಗೆ ಹೇಗಿದೆ ಎಂದು ಕೇಳಬಾರದು.

ನಾನು ಕೇಳಿದ್ದು ಒಂದೇ. ಇದರಲ್ಲಿ ಏಡಿ ಎಲ್ಲಿ? ಕಸ ಎಲ್ಲಿ? ನಮ್ಮ ಬಲೆಯಲ್ಲಿ ಶೆಟ್ಲಿಯ ಜೊತೆ ಮರಿ ಏಡಿ, ಹಸಿರು ಪಾಚಿ, ಕಡ್ಡಿ, ಬೆರಳುದ್ದದ ಮೀನು ಎಲ್ಲ ಒಟ್ಟಿಗೇ ಬರುತ್ತದೆ. ಈ ಬೆಲ್ಟಿನ ಮೇಲಿರುವುದು ಕೆರೆಯಲ್ಲಿ ಸಾಕಿ, ತೊಳೆದು, ಒಂದೇ ಜಾತಿಯದು ಹಾಕಿದ ಶೆಟ್ಲಿ. ಸ್ಲೈಡ್ ಸಾಹೇಬರು ನನ್ನನ್ನು ನೋಡಿ ನಕ್ಕರು, ಯಂತ್ರಕ್ಕೆ ಬುದ್ಧಿ ಇದೆ ಎಂದರು. ಜುಲೈ ಮುಗಿಯುವುದರೊಳಗೆ ಸಹಿ ಆಗದಿದ್ದರೆ ಬೇರೆ ದೇಶದವರು ಬಂದು ಕೂರುತ್ತಾರೆ ಎಂದೂ ಸೇರಿಸಿದರು. ಈ ಮಾತನ್ನು ನಾನು ಮುಂಬೈಯಲ್ಲಿ ಎಷ್ಟು ಸಲ ಕೇಳಿದ್ದೆ ಎಂದರೆ, ಯಾರಾದರೂ ಹೀಗೆ ಅವಸರ ಮಾಡಿದರೆ ಸಾಕು, ನನ್ನ ಕಾಲು ತಾನಾಗಿ ನಿಂತುಬಿಡುತ್ತದೆ. ನಮ್ಮ ಶೆಟ್ಲಿಯಲ್ಲೇ ಪರೀಕ್ಷೆ ಆಗಲಿ ಎಂದು ಪಟ್ಟು ಹಿಡಿದೆ. ಮುನೀರ್ ಸಾಹೇಬರು ನನ್ನ ಕಡೆ ನೋಡಿ ತಲೆ ಆಡಿಸಿದರು, ಅವರು ಒಪ್ಪಿದರೋ ಕುತ್ತಿಗೆ ನೋವೋ ಎಂದು ಆಗ ತಿಳಿಯಲಿಲ್ಲ.

ಸಮುದ್ರ ಮುಚ್ಚಿದ್ದರೂ ಹೊಳೆ ಮುಚ್ಚಿರಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಹೊನ್ನಾವರಕ್ಕೆ ಹೋದೆ. ಶರಾವತಿ ಕೆಂಪಗೆ ಉಬ್ಬಿ ಹರಿಯುತ್ತಿತ್ತು, ದಡದಲ್ಲಿ ಪಾತಿದೋಣಿಯವರು ಬಲೆ ಕೊಡವುತ್ತಿದ್ದರು. ಅವರ ಬುಟ್ಟಿಯನ್ನು ನೀಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿಸಿ, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ಯಂತ್ರದ ಕ್ಯಾಮೆರಾ ನೋಡುವ ಹಾಗೆ ಮೇಲಿನಿಂದ ಚಿತ್ರ ತೆಗೆದೆ. ಮೀನಿನ ಫೋಟೋ ತೆಗೆದು ಎಂತ ಮಾಡ್ತೀರಿ ಎಂದು ಕೇಳಿದರು. ವಿಯೆಟ್ನಾಮಿಗೆ ಕಳಿಸುತ್ತೇನೆ ಎಂದೆ. ಮಳೆಗೆ ತಲೆ ನೆನೆದಿರಬೇಕು ಎಂದು ಅವರು ತಮ್ಮೊಳಗೆ ಕೊಂಕಣಿಯಲ್ಲಿ ಆಡಿಕೊಂಡರು. ನನಗೆ ಕೊಂಕಣಿ ಬರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ.

ಅಲ್ಲಿಂದ ಕುಮಟೆಗೆ. ಅಘನಾಶಿನಿ ಹೊಳೆಯ ಕಡೆ ಶೆಟ್ಲಿ ಆರಿಸುವ ಒಂದು ಶೆಡ್ಡಿನಲ್ಲಿ ಅಮ್ಮನ ತಂಗಿ, ನನ್ನ ಚಿಕ್ಕಿ, ಕೆಲಸ ಮಾಡುತ್ತಿದ್ದಳು. ತಗಡಿನ ಮಾಡಿಗೆ ಮಳೆ ಹೊಡೆಯುವ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಹೆಂಗಸರು ಸಾಲಾಗಿ ಮಣೆಯ ಮೇಲೆ ಕೂತು, ಮಾತಾಡುತ್ತಲೇ ಕೈಯಲ್ಲಿ ಬೇರೆ ಬೇರೆ ಬುಟ್ಟಿಗೆ ಎಸೆಯುತ್ತಿದ್ದರು. ನಾನು ಬಂದ ಕಾರಣ ಹೇಳಿದೆ. ಚಿಕ್ಕಿಯ ಕೈ ನಿಂತಿತು.

“ನಮ್ಮ ಕೆಲ್ಸ ತೆಗೂಕೆ ನೀನೇ ಬಂದ್ಯಾ?” ಎಂದಳು.

ನನಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳ ಮಾತು ನಿಜ ಇದ್ದುದರಿಂದ. ಇಂಥ ಯಂತ್ರ ಹೇಗೂ ಬಂದೇ ಬರುತ್ತದೆ, ಯಾರದೋ ಯಂತ್ರ ಬಂದು ನಿಮ್ಮನ್ನು ಎಬ್ಬಿಸುವ ಮೊದಲು ನಮ್ಮವರದ್ದೂ ಅದರಲ್ಲಿ ಒಂದು ಪಾಲು ಇರಲಿ ಎಂದು ದೊಡ್ಡ ಭಾಷಣ ಮಾಡಿದೆ. ಅರ್ಧ ಮಳೆಯ ಸದ್ದಿನಲ್ಲಿ ಹೋಯಿತು. ಉಳಿದರ್ಧ ಕೇಳಿ ಚಿಕ್ಕಿ, ಯಂತ್ರಕ್ಕೆ ಇದೆಲ್ಲ ಗುರುತು ಹಿಡಿಯಲು ಹೇಳಿಕೊಡುವವರು ಯಾರು ಎಂದು ಕೇಳಿದಳು. ಚಿತ್ರ ತೋರಿಸಿ ಇದು ಇಂಥದ್ದು ಎಂದು ಯಾರಾದರೂ ಹೇಳಿಕೊಡಬೇಕು, ಆಗ ಕಲಿಯುತ್ತದೆ ಎಂದೆ. ಚಿಕ್ಕಿ ಮತ್ತೆ ಕೈ ಆಡಿಸತೊಡಗಿದಳು.

“ಹಂಗಾರೆ ಕಲ್ಸೂದು ಪುಕ್ಕಟೆ ಅಲ್ಲ. ಶಾಲೆ ಮಾಸ್ತರಿಗೂ ಸಂಬ್ಳ ಅದೆ.”

ಬಸ್ಸಿನಲ್ಲಿ ವಾಪಸು ಬರುವಾಗ ಈ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ನನ್ನ ಹಳೆಯ ಆಫೀಸಿನಲ್ಲಿ ಯಂತ್ರ ಬಂದರೆ ಎಷ್ಟು ಕೂಲಿ ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆವು, ಯಂತ್ರಕ್ಕೆ ಕಲಿಸುವ ಕೂಲಿ ಯಾರಿಗೆ ಎಂದು ಒಂದು ದಿನವೂ ಕೇಳಿರಲಿಲ್ಲ. ಮುರುಡೇಶ್ವರ ದಾಟುವಷ್ಟರಲ್ಲಿ ನನ್ನ ವರದಿಯ ಒಂದು ಷರತ್ತು ತಯಾರಾಗಿತ್ತು.

ಚಿತ್ರಗಳನ್ನು ಸ್ಲೈಡ್ ಸಾಹೇಬರಿಗೆ ಕಳಿಸಿದೆ, ಕಂಪನಿಗೆ ಅವರ ಮೂಲಕವೇ ಹೋಗಬೇಕು ಎಂಬುದು ಅವರ ಕಟ್ಟಪ್ಪಣೆ. ಮರುದಿನವೇ ಉತ್ತರ ಬಂತು, ಫಲಿತಾಂಶ ಅತ್ಯುತ್ತಮ. ಅಷ್ಟೇ. ಯಾವ ಚಿತ್ರದಲ್ಲಿ ಯಂತ್ರ ಏನು ಕಂಡಿತು ಎಂಬುದಿಲ್ಲ. ಆ ರಾಶಿಯಲ್ಲಿ ಎಷ್ಟೋ ಶೆಟ್ಲಿ ನನಗೇ ಗುರುತು ಸಿಕ್ಕಿರಲಿಲ್ಲ, ಯಂತ್ರಕ್ಕೆ ಎಲ್ಲ ಸಿಕ್ಕಿತಂತೆ. ಕಂಪನಿಯ ಜಾಲತಾಣದಲ್ಲಿ ಹುಡುಕಿ, ಯಂತ್ರದ ಕೆಲಸ ನೋಡಿಕೊಳ್ಳುವವರ ವಿಳಾಸಕ್ಕೆ ನೇರವಾಗಿ ಬರೆದೆ. ದಲ್ಲಾಳಿಯನ್ನು ದಾಟಿ ಹೋಗುವುದು ನಮ್ಮ ಕಸುಬಿನಲ್ಲಿ ಮರ್ಯಾದೆ ಅಲ್ಲ ಎಂದು ಗೊತ್ತಿತ್ತು. ಮರ್ಯಾದೆ ಬಿಟ್ಟವರಿಗೆ ಮರ್ಯಾದೆ ಎಷ್ಟು ದಿನ ಕೊಡುವುದು.

ಉತ್ತರ ಬರೆದವಳು ಲಾನ್ ಎಂಬ ಎಂಜಿನಿಯರು. ಮಾತಾಡೋಣ ಎಂದಳು. ವೀಡಿಯೋ ಕರೆಗೆ ಕೂರುವಾಗ ಹಿಂದೆ ಗಾಜಿನ ಆಫೀಸಿನ ಚಿತ್ರ ಬರುವ ಹಾಗೆ ಇಟ್ಟುಕೊಳ್ಳಿ, ಮನೆ ಕಾಣಬಾರದು ಎಂದು ಸ್ಲೈಡ್ ಸಾಹೇಬರು ಮೊದಲೇ ಹೇಳಿದ್ದರು. ನಾನು ಹಾಗೆಯೇ ಮಾಡುತ್ತಿದ್ದೆ. ಜೊತೆಗೆ ಹೊರಗಿನ ಸದ್ದು ಬಾರದಂತೆ ಕಿಟಕಿ ಮುಚ್ಚಿ ಚಿಲಕ ಹಾಕುತ್ತಿದ್ದೆ, ಅಮ್ಮನನ್ನು ಪಿಸುಮಾತಿಗೆ ಇಳಿಸುತ್ತಿದ್ದೆ. ಆ ಪಿಸುಮಾತು ಅಮ್ಮನಿಗೆ ಶಿಕ್ಷೆ. ಪರದೆ ತೆರೆದಾಗ ಲಾನಳ ಹಿಂದೆ ಯಾವ ಗಾಜೂ ಇರಲಿಲ್ಲ. ತಗಡಿನ ಶೆಡ್ಡು, ರಬ್ಬರ್ ಬೂಟು ಹಾಕಿಕೊಂಡು ಶೆಟ್ಲಿ ಆರಿಸುವ ಹೆಂಗಸರು, ಅವರಾಚೆ ಮಳೆ. ಕುಮಟೆಯ ಶೆಡ್ಡೇ ಅಲ್ಲಿ ಕೂತ ಹಾಗಿತ್ತು. ನಾಚಿಕೆಯಾಗಿ ನನ್ನ ಗಾಜಿನ ಆಫೀಸನ್ನು ತೆಗೆದುಹಾಕಿದೆ. ಹಗ್ಗದ ಮೇಲೆ ಒಣಗದ ಅಮ್ಮನ ಸೀರೆ, ಒಣ ಬಂಗಡೆಯ ಡಬ್ಬಿ, ಹಿಂದಿನ ವರ್ಷದ ಕ್ಯಾಲೆಂಡರು ಎಲ್ಲ ಪ್ರತ್ಯಕ್ಷವಾದವು. ಅಮ್ಮ ಸೀರೆಯ ಹಿಂದೆ ಬಗ್ಗಿ ಅಡಗಿಕೊಂಡಳು. ಲಾನ್ ನಕ್ಕಳು.

ಇಬ್ಬರದ್ದೂ ಕುಂಟುವ ಇಂಗ್ಲಿಷು, ಆದರೆ ವಿಷಯ ನೆಟ್ಟಗಿತ್ತು. ನಿಮ್ಮ ಚಿತ್ರಗಳಲ್ಲಿ ನಮ್ಮ ಯಂತ್ರ ಸರಿ ಹೇಳಿದ್ದಕ್ಕಿಂತ ತಪ್ಪು ಹೇಳಿದ್ದೇ ಹೆಚ್ಚು ಎಂದಳು. ಏಡಿಯ ಕಾಲನ್ನು ಶೆಟ್ಲಿ ಎನ್ನುತ್ತದೆ, ಕೆಸರು ಮೆತ್ತಿದರೆ ಕಣ್ಣೇ ಕಾಣುವುದಿಲ್ಲ, ನಿಮ್ಮ ಒಂದೆರಡು ಜಾತಿಗಳನ್ನು ಅದು ಹುಟ್ಟಿದಾಗಿನಿಂದ ನೋಡಿಲ್ಲ. ಸರಿಪಡಿಸಬಹುದು, ಈ ವರ್ಷ ಆಗುವುದಿಲ್ಲ. ಇದನ್ನೆಲ್ಲ ನಿಮ್ಮ ಮುಂಬೈ ಸಲಹೆಗಾರರಿಗೆ ಆಗಲೇ ಹೇಳಿದ್ದೆ ಎಂದೂ ಹೇಳಿದಳು. ಹೀಗೆ ಹೇಳಿದರೆ ಬರುವ ದುಡ್ಡು ತಪ್ಪಿಹೋಗುವುದಿಲ್ಲವೇ ಎಂದು ಕೇಳಿದೆ. ಹೇಳದಿದ್ದರೆ ಮೊದಲ ಮಳೆಗೇ ನೀವು ಕಂಡುಹಿಡಿಯುತ್ತೀರಿ, ಆಮೇಲೆ ದಿನವೂ ನನಗೇ ಫೋನು ಮಾಡಿ ಬೈಯುತ್ತೀರಿ, ಅದನ್ನು ಯಾರು ಕೇಳುತ್ತಾರೆ ಎಂದಳು.

ಕರೆ ಮುಗಿದದ್ದೇ ಅಮ್ಮ ಸೀರೆಯ ಹಿಂದಿನಿಂದ ಹೊರಬಂದು ಆ ಹುಡುಗಿ ಎಂತ ಹೇಳಿದಳು ಎಂದು ಕೇಳಿದಳು. ಹೇಳಿದೆ. ಅಮ್ಮನಿಗೆ ನನ್ನ ಗಡುವಿನದೇ ಚಿಂತೆ. ಮುಂಬೈ ಸಾಹೇಬ ದೊಡ್ಡ ಜನ, ಅವನನ್ನು ಎದುರುಹಾಕಿಕೊಂಡರೆ ಮತ್ತೆ ಎಲ್ಲಿಯೂ ಕೆಲಸ ಸಿಗುವುದಿಲ್ಲ, ಅವರಿಗೆ ಬೇಕಾದ್ದು ಬರೆದುಕೊಟ್ಟು ಸುಮ್ಮನಾಗು ಎಂದಳು.

“ಮುನೀರ್ ಸಾಹೇಬ್ರ ಮನೇಲಿ ನೀ ನಿನ್ನೆ ಮೀನನ್ನ ಇವತ್ತಿಂದು ಹೇಳಿ ಕೊಟ್ಟಿದ್ಯಾ?” ಎಂದು ಕೇಳಿದೆ.

“ಅದು ವರ್ತನೆ ಮನೆ. ಅಲ್ಲಿ ಹಂಗೆ ಮಾಡೂಕೆ ಆತದ್ಯಾ?”

“ಇದೂ ಅದೇ ಮನೆ.”

ಅಮ್ಮ ಒಳಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆದಳು.

ಆದರೆ ನಿಜ ಹೇಳಿದರೆಂದ ಮಾತ್ರಕ್ಕೆ ದುಡ್ಡು ಸುರಿಯಲಾಗುವುದಿಲ್ಲ. ಒಳ್ಳೆಯವರ ಕಂಪನಿಗಳು ಮುಳುಗಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಜುಲೈ ಪೂರ್ತಿ ಆ ಕಂಪನಿಯ ಬೆನ್ನು ಬಿದ್ದೆ. ಮೊದಲ ಸಲ ಕೊಂಡ ಗಿರಾಕಿಯ ಹೊಗಳಿಕೆ ಕೇಳಬಾರದು, ಎರಡನೇ ಯಂತ್ರ ಕೊಂಡವರು ಇದ್ದಾರೆಯೇ ನೋಡಬೇಕು ಎಂಬುದು ನನ್ನ ಹಳೆಯ ಪಾಠ. ಅಂಥ ಒಬ್ಬ ಶೆಡ್ಡಿನ ಯಜಮಾನನನ್ನು ಹುಡುಕಿ, ಲಾನಳನ್ನು ನಡುವೆ ಇಟ್ಟುಕೊಳ್ಳದೆ ಬೇರೆ ದುಭಾಷಿಯನ್ನು ಹಿಡಿದು ಮಾತಾಡಿದೆ. ಸಾಕಿದ ಶೆಟ್ಲಿಗೆ ಯಂತ್ರ ಚೆನ್ನಾಗಿದೆ, ಕೆಟ್ಟರೆ ರಿಪೇರಿಗೆ ಬೇಗ ಬರುತ್ತಾರೆ, ಬೆಲೆ ಮಾತ್ರ ಜಾಸ್ತಿ ಎಂದು ಗೊಣಗಿದ. ಹೊರಗಿನವರು ಅಲ್ಲಿ ಎಷ್ಟು ಪಾಲು ಕೊಳ್ಳಬಹುದು, ನಾಳೆ ಬೇಡವೆನಿಸಿದರೆ ಹಾಕಿದ್ದನ್ನು ಆ ದೇಶದಿಂದ ಹೊರತರುವ ದಾರಿ ಇದೆಯೇ ಎಂದು ಅಲ್ಲಿಯ ವಕೀಲರನ್ನು ಕೇಳಿ ತಿಳಿದೆ. ಒಳಗೆ ಹೋಗುವ ಬಾಗಿಲು ಎಲ್ಲ ದೇಶದಲ್ಲೂ ಅಗಲ, ಹೊರಬರುವ ಬಾಗಿಲನ್ನು ತಲೆ ಬಗ್ಗಿಸಿಯೇ ನೋಡಬೇಕು. ಮಳೆಗೆ ಕರೆಂಟು ಹೋಗುತ್ತಿತ್ತು, ಕರೆಂಟಿನ ಹಿಂದೆ ಇಂಟರ್ನೆಟ್ಟು. ಮಾಡಿನ ಹಂಚು ಸೋರಿ ಲ್ಯಾಪ್‌ಟಾಪಿಗೆ ಅಮ್ಮನ ಮೀನಿನ ಬುಟ್ಟಿ ಮುಚ್ಚುವ ಪ್ಲಾಸ್ಟಿಕ್ ಹೊದಿಸಿ ಕೆಲಸ ಮಾಡಿದೆ.

ಇನ್ನೊಂದು ತೊಡಕಿತ್ತು. ಸ್ಲೈಡ್ ಸಾಹೇಬರು ತಂದ ಒಪ್ಪಂದದಲ್ಲಿ ಹಣವನ್ನು ಮೊದಲು ಸಾಲವಾಗಿ ಕೊಡುವುದು, ಅದಕ್ಕೆ ಬಡ್ಡಿ, ಆಮೇಲೆ ಬೇಕಾದರೆ ಪಾಲು ಎಂದಿತ್ತು. ಮುನೀರ್ ಸಾಹೇಬರ ಮನೆಯಲ್ಲಿ ಬಡ್ಡಿ ಕೊಡುವುದೂ ಇಲ್ಲ, ತಿನ್ನುವುದೂ ಇಲ್ಲ. ಅವರು ಇದನ್ನು ಓದಿರಲೇ ಇಲ್ಲ. ನಾನು ತೋರಿಸಿದಾಗ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು. ಅವರ ಮುಖದಲ್ಲಿ ಅಷ್ಟು ನೋವನ್ನು ನಾನು ಮೊದಲು ಕಂಡಿರಲಿಲ್ಲ. ದೋಣಿಯ ಪಾಲಿನ ಹಾಗೆ ಮಾಡೋಣ ಎಂದೆ. ಬಲೆ ತುಂಬಿದರೆ ದೋಣಿಗೂ ಪಾಲು, ಬಲೆಗೂ ಪಾಲು, ದುಡಿದವರಿಗೂ ಪಾಲು, ಬರಿಗೈಯಲ್ಲಿ ಬಂದರೆ ಎಲ್ಲರೂ ಬರಿಗೈ. ಅದು ಅವರಿಗೆ ತಟ್ಟನೆ ಹಿಡಿಸಿತು.

ಸಭೆಗೆ ಎರಡು ದಿನ ಮೊದಲು ಸ್ಲೈಡ್ ಸಾಹೇಬರು ನನ್ನನ್ನು ಬಿರಿಯಾನಿಗೆ ಕರೆದರು. ಬಲು ಮರ್ಯಾದೆಯಿಂದ ಮಾತಾಡಿದರು. ನನ್ನ ವರದಿ ಚೆನ್ನಾಗಿದೆಯಂತೆ. ಲಾನಳ ಮಾತಿನ ಪುಟ ಒಂದು ತೆಗೆದು, ಅದು ಅವರ ಸಂಸ್ಥೆಯ ಹೆಸರಿನಲ್ಲಿ ಹೊರಬಂದರೆ, ಮುಂಬೈಯಲ್ಲಿ ನನಗೊಂದು ಕುರ್ಚಿ ಕಾದಿದೆಯಂತೆ. ನನ್ನ ಹೆಸರು, ವಿಳಾಸ ಎಲ್ಲಿಯೂ ಬೇಡ, ಬಂದರು ರಸ್ತೆ ಎಂದು ನೋಡಿದರೆ ಯಾರು ನಂಬುತ್ತಾರೆ ಎಂದು ಕೇಳಿದರು. ಭಟ್ಕಳದ ಬಿರಿಯಾನಿಯನ್ನು ಬಿಟ್ಟು ಎದ್ದು ಹೋಗುವಷ್ಟು ದಡ್ಡಿ ನಾನಲ್ಲ. ಕೊನೆಯ ಅಗುಳಿನವರೆಗೂ ತಿಂದು, ಕೈ ತೊಳೆದು, ಆಗುವುದಿಲ್ಲ ಎಂದು ಹೇಳಿ ಬಂದೆ.

ಸಭೆಯ ದಿನ ಮಳೆ ಹುಚ್ಚು ಹಿಡಿದಿತ್ತು. ಮಹಡಿಯ ಕೋಣೆಯಲ್ಲಿ ಮುನೀರ್ ಸಾಹೇಬರು, ಸ್ಲೈಡ್ ಸಾಹೇಬರು, ನಾನು. ಪರದೆಯಲ್ಲಿ ದುಬೈಯ ತಮ್ಮಂದಿರು. ನಾನು ವರದಿ ಓದಿದೆ, ಲಾನಳ ಮಾತಿನ ಪುಟವನ್ನು ಎರಡು ಸಲ ಓದಿದೆ. ಎಲ್ಲರಿಗಿಂತ ಕಿರಿಯ ತಮ್ಮ ನಡುವೆಯೇ ತಡೆದು, ಕಂಪನಿಯವರೇ ಆಗುವುದಿಲ್ಲ ಎಂದ ಮೇಲೆ ಮಾತೇಕೆ, ಬಿಡಿ ಎಂದ. ಸ್ಲೈಡ್ ಸಾಹೇಬರು ಸಮಾಧಾನದ ದನಿಯಲ್ಲಿ, ಆ ಹುಡುಗಿ ಬರೀ ಎಂಜಿನಿಯರು, ಅವಳಿಗೆ ವ್ಯಾಪಾರ ತಿಳಿಯದು, ಇನ್ನು ನಮ್ಮ ಮೇಡಂ ಮೀನು ಪೇಟೆಯಿಂದ ಬಂದವರು, ಅವರಿಗೆ ಎ.ಐ. ಯಂತ್ರವೂ ಒಂದು ಮೀನಿನ ಹಾಗೆಯೇ ಕಾಣುತ್ತದೆ ಎಂದರು. ಪರದೆಯಲ್ಲಿ ಯಾರೋ ನಕ್ಕರು.

ನಾನು ವರದಿಯನ್ನು ಮೇಜಿನ ಮೇಲಿಟ್ಟೆ. ಅಷ್ಟು ಹೊತ್ತು ಸಭೆಯ ಭಾಷೆಯಲ್ಲಿ ಮಾತಾಡಿದ್ದವಳಿಗೆ ಮನೆಯ ಮಾತೇ ಬಾಯಿಗೆ ಬಂತು.

“ಹೌದು, ನಾ ಮೀನು ಮಾರೋಳ ಮಗಳು. ಅದ್ಕೇ ಹೇಳ್ತೆ ಕೇಳಿ. ಕಂಪನಿಯೋರು ಇದು ನಿನ್ನೇದು ಹೇಳಿದ್ರು. ಈ ಸಾಹೇಬ್ರು ಅದನ್ನೇ ಇವತ್ತಿಂದು ಹೇಳಿ ನಿಮಗೆ ಮಾರೂಕೆ ಬಂದಾರೆ. ಮೀನು ಬಿಡಬ್ಯಾಡಿ, ಇವ್ರನ್ನ ಬಿಡಿ.”

ನಾನು ನಿಲ್ಲಿಸಲಿಲ್ಲ. ದಲ್ಲಾಳಿ ಇಲ್ಲದೆ ನೇರವಾಗಿ ಕಂಪನಿಯ ಜೊತೆ ಹೋಗಿ, ಬಡ್ಡಿ ಬೇಡ, ಪಾಲು ತೆಗೆದುಕೊಳ್ಳಿ, ಅವರು ಹೇಳಿದ ದೊಡ್ಡ ಮೊತ್ತ ಬೇಡ, ಸ್ವಲ್ಪ ಹಾಕಿ, ಕೆಲಸ ನೋಡಿ ಮತ್ತೆ ಹಾಕಿ ಎಂದೆ. ನಮ್ಮ ಬಲೆಗೆ ಬೀಳುವ ಶೆಟ್ಲಿಯನ್ನು ಯಂತ್ರ ಗುರುತಿಸಲು ಕಲಿಯಬೇಕಾದರೆ ಆ ಕಲಿಸುವ ಕೆಲಸ ಕುಮಟೆಯ ಶೆಡ್ಡಿನ ಹೆಂಗಸರಿಗೇ ಸಂಬಳ ಕೊಟ್ಟು ಆಗಬೇಕು, ಇದು ಒಪ್ಪಂದದಲ್ಲಿ ಬರೆದಿರಬೇಕು, ಕಂಪನಿ ಇದಕ್ಕೆ ಒಪ್ಪಿದೆ ಎಂದು ಲಾನ್ ಬರೆದಿದ್ದಾಳೆ ಎಂದೂ ಹೇಳಿದೆ. ಸ್ಲೈಡ್ ಸಾಹೇಬರು ತಮ್ಮ ಫೈಲು ಮುಚ್ಚಿದರು.

ತಮ್ಮಂದಿರು ತಮ್ಮೊಳಗೆ ಮನೆಮಾತು ನವಾಯತಿಯಲ್ಲಿ ಮಾತಾಡಿಕೊಂಡರು. ಆಮೇಲೆ ನಡುವಿನವರು ಬಹಳ ವಿನಯದಿಂದ, ನಮಗೆ ಇಷ್ಟೆಲ್ಲ ತಲೆನೋವು ಬೇಡ, ನಮ್ಮ ಪಾಲಿನಲ್ಲಿ ಊರಲ್ಲೇ ಬಿಲ್ಡಿಂಗು ಎಬ್ಬಿಸುತ್ತೇವೆ ಎಂದರು. ಪರದೆ ಕಪ್ಪಾಯಿತು. ಸ್ಲೈಡ್ ಸಾಹೇಬರು ಕೊಡೆ ಹುಡುಕಿಕೊಂಡು ಕೆಳಗಿಳಿದರು. ನಾನು ಕಾಗದ ಜೋಡಿಸಿಕೊಳ್ಳುತ್ತಿದ್ದೆ. ಮುಂಬೈಗೆ ಯಾವ ರೈಲಿಗೆ ಹೋಗುವುದು ಎಂದು ಆಗಲೇ ಮನಸ್ಸು ಲೆಕ್ಕ ಹಾಕುತ್ತಿತ್ತು. ಅಳಲಿಲ್ಲ, ಆ ಕೋಣೆಯಲ್ಲಿ ಅಳಬಾರದು ಎಂದು ಹಲ್ಲು ಕಚ್ಚಿದ್ದೆ.

ಮುನೀರ್ ಸಾಹೇಬರು ಕಿಟಕಿಯಿಂದ ಹೊರಗೆ ನೋಡುತ್ತಾ ಕೂತಿದ್ದರು. ಎದುರಿಗೆ ಅರ್ಧ ಕಟ್ಟಿದ ಒಂದು ಫ್ಲ್ಯಾಟು ಮಳೆಯಲ್ಲಿ ನೆನೆಯುತ್ತಿತ್ತು.

“ತಂಗಿ, ನನ್ನ ಪಾಲು ಒಂದೇ ಆದರೆ ಅವರು ತಗೊಳ್ತಾರಾ?” ಎಂದರು.

ತಗೊಳ್ಳುತ್ತಾರೆ ಎಂದೆ. ಸ್ವಲ್ಪವೇ ಹಾಕಿ ಎಂದು ಹೇಳಿದ್ದು ನಾನೇ ಅಲ್ಲವೇ. ಅವರು ವರದಿಯ ಕೊನೆಯ ಪುಟ ತಿರುಗಿಸಿ, ಹೆಸರಿಗೆ ಬಿಟ್ಟ ಜಾಗ ಖಾಲಿಯೇ ಇದೆ, ಯಾರ ಮಾತು ನಂಬಿ ಹಾಕಿದೆ ಎಂದು ನಾಳೆ ಮಕ್ಕಳಿಗೆ ತೋರಿಸಬೇಕಲ್ಲ, ಬರೆಯಿರಿ ಎಂದು ಪೆನ್ನು ಕೊಟ್ಟರು. ನನ್ನ ಹೆಸರು ರೇಖಾ ಎಂದು ಬರೆದೆ. ಅದರ ಕೆಳಗೆ, ದೊಡ್ಡ ಅಕ್ಷರದಲ್ಲಿ, ಬಂದರು ರಸ್ತೆ, ಭಟ್ಕಳ ಎಂದು ಬರೆದೆ.

ಆ ಕಂಪನಿ ಚಿನ್ನದ ಮೊಟ್ಟೆ ಇಟ್ಟಿದೆಯೇ ಎಂದು ಈಗಲೂ ಜನ ಕೇಳುತ್ತಾರೆ. ಇಟ್ಟಿಲ್ಲ. ಮುಳುಗಿಯೂ ಇಲ್ಲ. ಲಾನ್ ಹೇಳಿದ ಹಾಗೆಯೇ ಮೊದಲ ವರ್ಷ ಯಂತ್ರ ನಮ್ಮ ಶೆಟ್ಲಿಯನ್ನು ಗುರುತಿಸಲಿಲ್ಲ, ಆಮೇಲೆ ಅಷ್ಟಿಷ್ಟು ಕಲಿಯಿತು. ಕುಮಟೆಯ ಶೆಡ್ಡಿನಲ್ಲಿ ಆರಿಸುವ ಕೆಲಸ ಮೊದಲಿಗಿಂತ ಕಡಿಮೆಯಾಗಿದೆ, ಅದನ್ನು ಮುಚ್ಚಿಟ್ಟು ಬರೆಯಲಾರೆ. ಮಧ್ಯಾಹ್ನದ ಹೊತ್ತು ಚಿಕ್ಕಿ ಮತ್ತು ಕೆಲವರು ಕೈ ಒರೆಸಿಕೊಂಡು ಟ್ಯಾಬ್ಲೆಟ್ಟಿನಲ್ಲಿ ಚಿತ್ರಗಳಿಗೆ ಹೆಸರು ಹಚ್ಚುತ್ತಾರೆ, ಸಂಬಳ ಬರುತ್ತದೆ. ಇಷ್ಟು ದಡ್ಡ ವಿದ್ಯಾರ್ಥಿಯನ್ನು ಯಾವ ಮಾಸ್ತರನೂ ಕಂಡಿರಲಿಕ್ಕಿಲ್ಲ ಎಂದು ಚಿಕ್ಕಿಯ ದೂರು. ತಮ್ಮಂದಿರ ಬಿಲ್ಡಿಂಗು ಎದ್ದಿದೆ, ಸಂಜೆ ಅದರಲ್ಲಿ ಒಂದೆರಡು ಕಿಟಕಿಗೆ ಮಾತ್ರ ದೀಪ. ಮುನೀರ್ ಸಾಹೇಬರು ಅದರತ್ತ ನೋಡುವುದೂ ಇಲ್ಲ, ಕಳೆದ ವಾರ ನಾನು ಮಹಡಿ ಹತ್ತಿದಾಗ ಅವರು ಇನ್ನೊಂದು ದೇಶದ ಇನ್ನೊಂದು ಯಂತ್ರದ ಕಾಗದ ಹರಡಿಕೊಂಡು ನನ್ನನ್ನೇ ಕಾಯುತ್ತಿದ್ದವರಂತೆ ಕೂತಿದ್ದರು.

ಸೀರೆ ಕೊಂಡು ಮನೆಗೆ ಬರುವಷ್ಟರಲ್ಲಿ ಸಿಂಗಪುರದ ಒಬ್ಬರ ಜೊತೆ ಕರೆಯ ಹೊತ್ತಾಗಿತ್ತು. ಅಮ್ಮನಿಗೆ ಈಗ ಮೊಣಕಾಲು ನೋವು, ಬುಟ್ಟಿ ಹೊರುವುದಿಲ್ಲ, ಜಗಲಿಯಲ್ಲೇ ಕೂತು ಹಳೆಯ ವರ್ತನೆ ಮನೆಯವರಿಗೆ ಮೀನು ಕೊಡುತ್ತಾಳೆ. ಮಾತು ಅರ್ಧಕ್ಕೆ ಬಂದಾಗ ಹೊರಗಿನಿಂದ ಅವಳ ದನಿ ಜೋರಾಗಿ ಕೇಳಿತು. ಇದು ನಿನ್ನೇದು, ಹೇಳಿಯೇ ಕೊಡ್ತೆ, ಆಮೇಲೆ ಬಾಯಿ ಮಾಡೂಕೆ ಬರಬ್ಯಾಡ. ಸಿಂಗಪುರದವರು ತುಸು ಮುಖ ಗಂಟಿಕ್ಕಿ, ಬಹಳ ಸದ್ದಿದೆಯಲ್ಲ, ನೀವು ಆಫೀಸಿಗೆ ಹೋದ ಮೇಲೆ ಮಾತಾಡೋಣವೇ ಎಂದು ಕೇಳಿದರು.

ಆಫೀಸಿನಲ್ಲೇ ಇದ್ದೇನೆ, ಹೇಳಿ ಎಂದೆ. ಕಿಟಕಿ ಮುಚ್ಚಲಿಲ್ಲ.